12 ಇಂಚಿನ ಸಬ್‌ವೂಫರ್: ಒಂದೇ ಸ್ವರಕ್ಕೆ ಗುಂಯ್ ಅಂತದೆ, ಪೈಪಿಂದ ಫುಸ್ ಶಬ್ದ

ಸುರತ್ಕಲ್_ಸ್ವಿಫ್ಟ್
ಕಾರಿನ ಡಿಕ್ಕಿಯಲ್ಲಿ 12 ಇಂಚಿನ ಸಬ್ (ಬೇಸಿಗೆಂದೇ ಇರುವ ಸ್ಪೀಕರ್) ಉಂಟು, 300 ವಾಟ್ ಆರ್‌ಎಂಎಸ್ (ನಿರಂತರ ತಾಳುವ ಶಕ್ತಿ). ಬಾಕ್ಸ್ ರೆಡಿಮೇಡ್. ಒಳಗಿನ ಅಳತೆ 35 × 40 × 40 ಸೆಂ.ಮೀ., ಗಾಳಿ ಹೋಗುವ ಪೈಪಿನ ಒಳವ್ಯಾಸ 10, ಉದ್ದ 12 ಸೆಂ.ಮೀ. ಕೆಲವು ಹಾಡಿಗೆ ಕನ್ನಡಿ ನಡುಗ್ತದೆ, ಕೆಲವಕ್ಕೆ ಬೇಸೇ ಇಲ್ಲ. ಜೋರು ಇಟ್ರೆ ಪೈಪಿಂದ ಫುಸ್ ಫುಸ್. ಸ್ಪಂಜ್ ತುಂಬಿಸಿದ್ರೆ ಸರಿ ಆಗ್ತದಾ? ಸ್ಪೀಕರೇ ಬದಲಿಸ್ಬೇಕಾ?

ಬಡಗುಪೇಟೆ_ಬೇಸ್
ಸ್ಪೀಕರಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ದುಡ್ಡು ಹಾಳು ಮಾಡ್ಬೇಡಿ. ಪೈಪ್ ಗಿಡ್ಡ ಆಯ್ತು, ಅಷ್ಟೆ.

ನಿಮ್ಮ ಬಾಕ್ಸ್ 56 ಲೀಟರ್. ಸ್ಪೀಕರಿನ ಹಿಂಭಾಗಕ್ಕೆ ಸುಮಾರು 3 ಲೀಟರ್ ಹೋಗ್ತದೆ, ಪೈಪಿಗೆ 1. ಉಳಿದ 52 ಲೀಟರಿಗೆ 12 ಸೆಂ.ಮೀ. ಪೈಪ್ ಅಂದ್ರೆ ಟ್ಯೂನಿಂಗ್, ಅಂದ್ರೆ ಪೈಪಿನ ಗಾಳಿ ಜೋರಾಗಿ ಆಡುವ ಸ್ವರ, 48 ಹರ್ಟ್ಸ್ ಹತ್ತಿರ ನಿಲ್ತದೆ. ಬಾಕ್ಸಿನ ಗಾಳಿ ಸ್ಪ್ರಿಂಗ್, ಪೈಪಿನೊಳಗಿನ ಗಾಳಿ ಅದಕ್ಕೆ ಕಟ್ಟಿದ ಭಾರ. ಭಾರ ಕಡಿಮೆ ಇದ್ರೆ ಬೇಗ ಬೇಗ ಆಡ್ತದೆ, ಟ್ಯೂನಿಂಗ್ ಮೇಲೆ ಹೋಗ್ತದೆ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್. ಅದು ನಿಮ್ಮ ಟ್ಯೂನಿಂಗಿನ ಕೆಳಗೆ ಬಿತ್ತು. ಹಾಗಾಗಿ 48ರ ಆಸುಪಾಸಿನ ಹಾಡು ಮಾತ್ರ ಗುಡುಗುವುದು.

ಲೆಕ್ಕ ಇಷ್ಟು, ಎಲ್ಲ ಸೆಂ.ಮೀ. ಮತ್ತು ಲೀಟರಿನಲ್ಲಿ:
ಉದ್ದ = (23562 × ವ್ಯಾಸದ ವರ್ಗ) ÷ (ಹರ್ಟ್ಸ್ ವರ್ಗ × ಲೀಟರ್) − 0.73 × ವ್ಯಾಸ

ಉದ್ದದ ಪೈಪೇ 3 ಲೀಟರ್ ಹಿಡಿಯುವ ಕಾರಣ 50 ಲೀಟರ್ ಅಂತ ಇಟ್ಕೊಳ್ಳಿ. 34 ಹರ್ಟ್ಸ್ ಬೇಕಾದ್ರೆ 33 ಸೆಂ.ಮೀ. ಬರ್ತದೆ, ಆದ್ರೆ ಪೈಪಿನ ಒಳಬಾಯಿ ಹಿಂದಿನ ಹಲಗೆಗೆ ತೀರಾ ಹತ್ತಿರ ಆಗ್ತದೆ. ಕಡಿಮೆ ಅಂದ್ರೂ ಒಂದು ವ್ಯಾಸದಷ್ಟು ಜಾಗ ಬಿಡ್ಲೇಬೇಕು. 36ಕ್ಕೆ 29 ಸೆಂ.ಮೀ. ಸಾಕು. ನಾನಾದ್ರೆ ಅದನ್ನೇ ಮಾಡ್ತೇನೆ. ಪ್ಲೈವುಡ್ಡಿನ ದಪ್ಪವೂ ಆ ಉದ್ದದಲ್ಲೇ ಸೇರಿತು. ಮೊದಲು 31 ಕತ್ತರಿಸಿ, ಕೇಳಿ ನೋಡಿ, ಬೇಕಾದ್ರೆ ಕಡಿಮೆ ಮಾಡಿ.

ಫುಸ್ ಶಬ್ದ ಮಾತ್ರ ಇದರಿಂದ ಹೋಗುವುದಿಲ್ಲ. 300 ವಾಟಿಗೆ 10 ಸೆಂ.ಮೀ. ಬಾಯಿ ಸಣ್ಣದೇ. 15ರ ಪೈಪ್ ಹಾಕುವ ಅಂದ್ರೆ ಉದ್ದ 70 ದಾಟ್ತದೆ, ಈ ಬಾಕ್ಸಲ್ಲಿ ಹಿಡಿಯುವುದಿಲ್ಲ. ಪೈಪಿನ ಎರಡೂ ಬಾಯಿ ಹೊರಗೆ ಬಾಗಿ ಉರುಟಾಗಿರಲಿ. ಚೂಪು ಅಂಚಿಗೆ ಗಾಳಿ ಬಡಿದು ಸುಳಿ ಏಳುವುದೇ ಆ ಶಬ್ದ. ಒಳಗಿನ ಬಾಯಿಯನ್ನು ಸುಮಾರು ಜನ ಮರೀತಾರೆ. ಸ್ಪಂಜ್ ತುಂಬಿಸಬೇಡಿ, ಪೈಪಿನ ಕೆಲಸವೇ ನಿಲ್ತದೆ.

ಮಲ್ಪೆ_ಮರ
ಬಾಕ್ಸ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆದ್ರೆ ಕತ್ತರಿಸಿದ ಅಂಚಿಗೆಲ್ಲ ಪೈಂಟ್ ಹೊಡೀರಿ. ನಮ್ಮ ಮಳೆಗಾಲದ ತೇವಕ್ಕೆ ಉಬ್ಬಿ ಜೋಡಣೆ ಬಿಡ್ತದೆ. ಹೊಸತು ಮಾಡುವುದಾದ್ರೆ 18 ಮಿ.ಮೀ. ಮರೈನ್ ಪ್ಲೈ, ಐಎಸ್ 710 ಮುದ್ರೆ ನೋಡಿ ತಗೊಳ್ಳಿ. ಮತ್ತೆ, ಪೈಪೇ ಇಲ್ಲದ ಸೀಲ್ಡ್ ಬಾಕ್ಸ್ ಸುಲಭ ಅಲ್ವಾ?

ಬಡಗುಪೇಟೆ_ಬೇಸ್
ಸ್ಪೀಕರಿನ ಗುಣ ನೋಡ್ಬೇಕು. ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕ ಉಂಟಲ್ಲ, ಅದರ ಅಂಕಿಗಳು ಸ್ಪೀಕರಿನ ಚೀಟಿಯಲ್ಲೇ ಇರ್ತವೆ. ಎಫ್‌ಎಸ್ (ಸ್ಪೀಕರ್ ತಾನಾಗಿ ಆಡುವ ಹರ್ಟ್ಸ್) ಅನ್ನು ಕ್ಯೂಇಎಸ್‌ನಿಂದ (ಆ ಆಟವನ್ನು ಕಾಯಿಲ್, ಮ್ಯಾಗ್ನೆಟ್ ಎಷ್ಟು ತಡೀತವೆ ಅನ್ನುವ ಅಂಕಿ) ಭಾಗಿಸಿ. 50ರ ಹತ್ತಿರ ಬಂದ್ರೆ ಸೀಲ್ಡ್, 100ರ ಹತ್ತಿರ ಬಂದ್ರೆ ಪೋರ್ಟೆಡ್, ಅಂದ್ರೆ ನಿಮ್ಮದರ ಹಾಗೆ ಪೈಪ್ ಇರುವ ಬಾಕ್ಸ್.

ಸುರತ್ಕಲ್_ಸ್ವಿಫ್ಟ್
ಎಫ್‌ಎಸ್ 30, ಕ್ಯೂಇಎಸ್ 0.42. ಭಾಗಿಸಿದ್ರೆ 71 ಬಂತು, ನಡುವಿನದ್ದು. ಪೈಪ್ 31 ಹಾಕಿ ಆಯ್ತು. ಈಗ ಎಲ್ಲ ಹಾಡಿಗೂ ಬೇಸ್ ಉಂಟು! ಟ್ಯೂನಿಂಗ್ ಸರಿ ಎಷ್ಟಕ್ಕೆ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಬಡಗುಪೇಟೆ_ಬೇಸ್
ಫೋನಿನ ಟೋನ್ ಜನರೇಟರ್ ಆ್ಯಪಿನಿಂದ ಸಣ್ಣ ವಾಲ್ಯೂಮಲ್ಲಿ 45ರಿಂದ ಒಂದೊಂದೇ ಹರ್ಟ್ಸ್ ಇಳಿಸ್ತಾ ಕೋನನ್ನು (ಸ್ಪೀಕರಿನ ಆಡುವ ಮುಖ) ನೋಡಿ. ಎಲ್ಲಿ ಅದು ಹೆಚ್ಚುಕಡಿಮೆ ನಿಂತ ಹಾಗೆ ಕಾಣ್ತದೋ, ಪೈಪಿಂದ ಗಾಳಿ ಜೋರು ಬರ್ತದೋ, ಅದೇ ನಿಮ್ಮ ಟ್ಯೂನಿಂಗ್.

ಸುರತ್ಕಲ್_ಸ್ವಿಫ್ಟ್
35ರಲ್ಲಿ ನಿಂತಿತು. 25ಕ್ಕೆ ಇಳಿಸಿದ್ರೆ ಕೋನ್ ಸಿಕ್ಕಾಪಟ್ಟೆ ಹೊರಗೆ ಬರ್ತದೆ, ಹೆದರಿಕೆ ಆಯ್ತು.

ಬಡಗುಪೇಟೆ_ಬೇಸ್
35 ಒಳ್ಳೆಯದೇ, ಇನ್ನು ಕತ್ತರಿಸುವುದು ಬೇಡ. ಟ್ಯೂನಿಂಗಿನ ಕೆಳಗೆ ಬಾಕ್ಸಿನ ಗಾಳಿ ಕೋನನ್ನು ಹಿಡಿದಿಡುವುದಿಲ್ಲ, ಪೈಪಿಂದ ಹೊರಗೆ ಹೋಗ್ತದೆ. ಕಾಯಿಲ್ ಹಾಳಾಗುವುದು ಅಲ್ಲೇ. ಆಂಪಿನಲ್ಲಿ ಸಬ್‌ಸೋನಿಕ್ ಫಿಲ್ಟರ್ (ತೀರಾ ಕೆಳಗಿನ ಸ್ವರ ತಡೆಯುವುದು) ಇದ್ರೆ 30ಕ್ಕೆ ಇಡಿ, ಇವತ್ತೇ ಇಡಿ.