ಭಾವ, ಎರಡೂ ಇರಲಿ, ಆದರೆ ಡಿಸ್ಕ್ ಬೇರೆ ಬೇರೆ ಇರಲಿ

ಭಾವ, ಗ್ರೂಪಿನಲ್ಲಿ ನೀವು ಕೇಳಿದ್ದು ಈಗ ನೋಡಿದೆ. ಟೈಪ್ ಮಾಡಲು ಹೋದರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಅಕ್ಕನೂ ಪುಟ್ಟಿಯೂ ಕೇಳಲಿ. ಡೊಂಬಿವಲಿ ಮನೆಯ ಕಂಪ್ಯೂಟರಿಗೆ ವಿಂಡೋಸ್ 11 ಹಿಡಿಸುತ್ತಿಲ್ಲ, ಅಂಗಡಿಯವರು ಹೊಸದು ತಗೊಳ್ಳಿ ಅನ್ನುತ್ತಿದ್ದಾರೆ. ಪುಟ್ಟಿಗೆ ಕಾಲೇಜಿಗೆ ಲಿನಕ್ಸ್ ಬೇಕು, ಅಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ. ನಿಮಗೆ ಸಂಘದ ಸ್ಮರಣ ಸಂಚಿಕೆಗೆ ವಿಂಡೋಸಿನಲ್ಲಿ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಬೇಕು. ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರಬಹುದಾ ಅಂತ ಅಲ್ವಾ ಕೇಳಿದ್ದು? ಖಂಡಿತ ಇರಬಹುದು. ಹೊಸದಕ್ಕೆ ದುಡ್ಡು ಹಾಕಬೇಡಿ.

ವಿಂಡೋಸ್ 11 ಬರದಿರುವುದಕ್ಕೆ ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಅದರ ಪ್ರೊಸೆಸರ್ ಇಂಟೆಲ್‌ನ ಆರನೇ ಪೀಳಿಗೆಯದು, ಮೈಕ್ರೋಸಾಫ್ಟ್ ಎಂಟನೆಯದರಿಂದ ಈಚಿನದನ್ನು ಕೇಳುತ್ತದೆ. ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಕೂಡ ಇರಬೇಕು. ಇತ್ತ ಈಗ ನಿಮ್ಮಲ್ಲಿರುವ ವಿಂಡೋಸ್ 10ರ ಮಾಮೂಲು ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ನಾನು ಹೇಳುವುದು ಹೀಗೆ: ವಿಂಡೋಸ್ ನುಡಿಗೆ ಮಾತ್ರ ಇರಲಿ, ಅದಕ್ಕೆ ಇಂಟರ್ನೆಟ್ ಕೊಡಲೇಬೇಡಿ. ಬ್ಯಾಂಕು, ಮೇಲ್, ಪುಟ್ಟಿಯ ಪಾಠ, ಎಲ್ಲ ಲಿನಕ್ಸಿನಲ್ಲಿ ಆಗಲಿ.

ಈಗ ಮುಖ್ಯ ವಿಷಯ. ಎಲ್ಲರೂ, ಈಗ ಇರುವ ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ ಅನ್ನುತ್ತಾರೆ. ಲ್ಯಾಪ್‌ಟಾಪ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮದು ಡೆಸ್ಕ್‌ಟಾಪ್, ಒಳಗೆ ಜಾಗ ಇದೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ಸಾಟಾ ಕೇಬಲ್‌ನಲ್ಲಿ ಜೋಡಿಸುವ ವೇಗದ ಡಿಸ್ಕ್, ಒಂದು ತಗೊಳ್ಳಿ, 240 ಜಿಬಿ ಧಾರಾಳ ಸಾಕು. ಜೊತೆಗೆ ಸಾಟಾ ಕೇಬಲ್ ಕೇಳಿ ತಗೊಳ್ಳಿ, ಡಿಸ್ಕಿನ ಡಬ್ಬದಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ.

ಹೊಸ ಡಿಸ್ಕ್ ಜೋಡಿಸುವಾಗ ಹಳೆಯದರ ಕೇಬಲ್ ಕಿತ್ತಿಡಿ. ಪವರ್ ಪ್ಲಗ್ ತೆಗೆದ ಮೇಲೆ, ನೆನಪಿರಲಿ. ಯಾಕೆ ಅಂದರೆ, ಇನ್‌ಸ್ಟಾಲ್ ಮಾಡುವಾಗ 'ಡಿಸ್ಕನ್ನು ಅಳಿಸಿ ಹಾಕಲೇ' ಅಂತ ಒಂದು ಪರದೆ ಬರುತ್ತದೆ. ಎಲ್ಲರ ಕೈ ನಡುಗುವುದು ಅಲ್ಲೇ. ಹಳೆ ಡಿಸ್ಕಿಗೆ ಕೇಬಲ್ಲೇ ಇಲ್ಲದಿದ್ದರೆ ಅಳಿಸಲು ಅಲ್ಲಿ ಹೊಸದು ಬಿಟ್ಟು ಬೇರೆ ಏನೂ ಇರುವುದಿಲ್ಲ. ಪುಟ್ಟಿ ಒಬ್ಬಳೇ ಕೂತು ಮಾಡಬಹುದು.

ಲಿನಕ್ಸಿನಲ್ಲಿ ಹಲವು ಬಗೆ ಇವೆ, ಹಾಕಲು ಲಿನಕ್ಸ್ ಮಿಂಟ್ ಒಳ್ಳೆಯದು, ಸಿನಮನ್ ಅನ್ನುವ ಬಗೆ. ಮೆನು ಕೆಳಗೆ ಎಡಗಡೆಯೇ ಇರುತ್ತದೆ, ಅಕ್ಕನಿಗೂ ಕಷ್ಟ ಆಗುವುದಿಲ್ಲ. ಅದರ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. 8 ಜಿಬಿ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಹೋಗುತ್ತದೆ, ಮದುವೆ ಫೋಟೋ ಇರುವುದನ್ನು ಕೊಡಬೇಡಿ. ರೂಫಸ್ ಅನ್ನುವ ತಂತ್ರಾಂಶದಿಂದ ಅದಕ್ಕೆ ಮಿಂಟ್ ಬರೆದು, ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಸುಮ್ನೆ ಓಡಿಸಿದರೆ ಡಿಸ್ಕಿಗೆ ಏನೂ ಆಗುವುದಿಲ್ಲ. ವೈಫೈ ಬರುತ್ತದಾ, ಪ್ರಿಂಟರ್ ಕೆಲಸ ಮಾಡುತ್ತದಾ, ಅಲ್ಲೇ ತಿಳಿಯುತ್ತದೆ.

ಎಲ್ಲ ಮುಗಿದ ಮೇಲೆ ಹಳೆ ಕೇಬಲ್ ಮತ್ತೆ ಚುಚ್ಚಿ. ಕಂಪ್ಯೂಟರ್ ಆನ್ ಆಗುವಾಗ ಬೂಟ್ ಮೆನು ಕೀ ಒತ್ತಿದರೆ ಯಾವ ಡಿಸ್ಕಿನಿಂದ ಶುರು ಆಗಬೇಕು ಅಂತ ಕೇಳುತ್ತದೆ. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9.

ಇನ್ನು ಎರಡು ಸಂಗತಿ, ಗಾಬರಿ ಆಗಬಾರದು ಅಂತ ಮೊದಲೇ ಹೇಳುತ್ತೇನೆ. ಲಿನಕ್ಸ್ ನಡೆಸಿ ವಿಂಡೋಸಿಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರಬಹುದು. ಕಂಪ್ಯೂಟರಿನ ಒಳಗಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಊರಿನ ಸಮಯ ಇಡುತ್ತದೆ, ಲಿನಕ್ಸ್ ಅಂತಾರಾಷ್ಟ್ರೀಯ ಸಮಯ ಇಡುತ್ತದೆ. ಒಂದು ಸಾಲಿನ ಕಮಾಂಡಿನಲ್ಲಿ ಸರಿಹೋಗುತ್ತದೆ, ಪುಟ್ಟಿಗೆ ಬೇರೆಯಾಗಿ ಕಳಿಸುತ್ತೇನೆ. ಇನ್ನೊಂದು, ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ. ಅದು ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಆಗ ಆ ಡಿಸ್ಕಿನ ಫೈಲನ್ನು ಲಿನಕ್ಸಿನಿಂದ ಓದಬಹುದು, ಬರೆಯಲು ಬಿಡುವುದಿಲ್ಲ.

ನುಡಿ ವಿಷಯ. ನಿಮ್ಮ ಹಳೆ ಸಂಚಿಕೆಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ನುಡಿ ಫಾಂಟಿನಲ್ಲಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಗೊತ್ತುಗುರಿ ಇಲ್ಲದ ಅಕ್ಷರ ಕಾಣುತ್ತವೆ. ಇದಕ್ಕೇ ವಿಂಡೋಸ್ ಉಳಿಸಿಕೊಳ್ಳಿ ಅಂತ ಹೇಳಿದ್ದು. ಬಿಡುವಾದಾಗ ಒಂದೊಂದೇ ಸಂಚಿಕೆಯನ್ನು ಯುನಿಕೋಡಿಗೆ ಬದಲಿಸಿ. ಎಷ್ಟೋ ಜನರ ಬರಹ ಅದರಲ್ಲಿದೆ, ಮುಂಬೈಯಲ್ಲಿ ನಮ್ಮವರು ಬದುಕಿದ ಬಗೆ ಇದೆ. ಬೇರೆ ಎಲ್ಲೂ ಅದರ ಪ್ರತಿ ಇಲ್ಲ, ಭಾವ. ಹೊಸ ಲೇಖನಗಳನ್ನು ಮಿಂಟಿನಲ್ಲೇ ಟೈಪ್ ಮಾಡಬಹುದು. ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ನಿಮ್ಮ ಬೆರಳಿಗೆ ಅಭ್ಯಾಸ ಇರುವುದೇ.

ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮೊದಲು ಸಂಚಿಕೆಯ ಫೋಲ್ಡರನ್ನು ಬೇರೊಂದು ಡ್ರೈವಿಗೆ ಕಾಪಿ ಮಾಡಿ, ನಾಲ್ಕು ಫೈಲ್ ತೆರೆದು ಸರಿಯಾಗಿದೆಯಾ ನೋಡಿ. ಅದು ಮುಗಿದ ಮೇಲೆ ಒಳಗಿನ ಕೇಬಲ್‌ಗಳ ಫೋಟೋ ತೆಗೆದು ನನಗೆ ಕಳಿಸಿ. ಖಾಲಿ ಸಾಟಾ ಜಾಗ ಯಾವುದು ಅಂತ ಗುರುತು ಹಾಕಿ ಕೊಡುತ್ತೇನೆ.