ಫಲ ತಿಳಿಯದೆ ಮಾಡಿದ ಆಯ್ಕೆಗೆ ಆಟಗಾರ ಎಷ್ಟು ಹೊಣೆ?

ಪ್ರಶ್ನೆ: ಹೊಳೆದಂಡೆ

ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ 2015ರಲ್ಲಿ ಹೊರತಂದ ವಿಡಿಯೊ ಗೇಮ್ 'ದಿ ವಿಚರ್ 3' ಆಡಿದವರಿಗೆ ಬ್ಲಡಿ ಬ್ಯಾರನ್ ಎಂಬ ಸೀಮೆಯೊಡೆಯನ ಕಥೆ ನೆನಪಿರುತ್ತದೆ. (ಆಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಮುಂದೆ ಗುಟ್ಟೆಲ್ಲ ಬಯಲಾಗುತ್ತದೆ.) ವೆಲೆನ್ ಪ್ರಾಂತ್ಯದ ಒಂದು ದಿಬ್ಬದಲ್ಲಿ, ಮರದ ಬೇರಿನಡಿ ಬಂದಿಯಾಗಿರುವ ಆತ್ಮವೊಂದು, ತನ್ನನ್ನು ಬಿಡಿಸಿದರೆ ಜೌಗುನೆಲದ ಮಾಟಗಾತಿಯರ ವಶದಲ್ಲಿರುವ ಅನಾಥ ಮಕ್ಕಳನ್ನು ಕಾಪಾಡುವುದಾಗಿ ಆಟದ ನಾಯಕ ಗೆರಾಲ್ಟನಿಗೆ ಮಾತು ಕೊಡುತ್ತದೆ. ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ. ಆದರೆ ಡೌನ್‌ವಾರನ್ ಎಂಬ ಹಳ್ಳಿ ಆ ಆತ್ಮದಿಂದಲೇ ನಾಶವಾಗುತ್ತದೆ, ಮಾಟಗಾತಿಯರು ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆನಾಳ (ಬ್ಯಾರನ್ನನ ಹೆಂಡತಿ) ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ, ಅವಳು ಸತ್ತ ಮೇಲೆ ಬ್ಯಾರನ್ ನೇಣಿಗೆ ಶರಣಾಗುತ್ತಾನೆ. ಆತ್ಮವನ್ನು ಕೊಂದರೆ ಮಕ್ಕಳು ಮಾಟಗಾತಿಯರ ಪಾಲು. ಆನಾ ಬುದ್ಧಿ ಕಳೆದುಕೊಂಡರೂ ಬದುಕುತ್ತಾಳೆ, ಬ್ಯಾರನ್ ಅವಳನ್ನು ಚಿಕಿತ್ಸೆಗೆಂದು ದೂರದ ಬೆಟ್ಟಗಳಿಗೆ ಕರೆದೊಯ್ಯುತ್ತಾನೆ.

ನಾನು ಆತ್ಮವನ್ನು ಬಿಡಿಸಿದೆ. ಆಯ್ಕೆ ಮಾಡುವ ಹೊತ್ತಿಗೆ ಇದಾವುದೂ ಆಟಗಾರನಿಗೆ ತಿಳಿದಿರುವುದಿಲ್ಲ. ಹಾಗಿದ್ದ ಮೇಲೆ ಇದನ್ನು ನೈತಿಕ ಆಯ್ಕೆ ಎನ್ನಬಹುದೇ, ಇಲ್ಲವೇ ಇದು ಕಣ್ಣು ಕಟ್ಟಿ ಚೀಟಿ ಎತ್ತಿಸಿದಂತೆಯೇ? ಫಲ ಕಂಡ ಮೇಲೆ ಹಳೆಯ ಸೇವ್ (ಆಟವನ್ನು ಉಳಿಸಿಟ್ಟ ಹಿಂದಿನ ಹಂತ) ತೆರೆದು ಬೇರೆ ದಾರಿ ಹಿಡಿದರೆ ಅದು ಮೋಸವೇ?

ಉತ್ತರ: ಹಳೇ ಕೀಬೋರ್ಡ್

ಚೀಟಿ ಎತ್ತಿಸುವುದಂತೂ ಅಲ್ಲ. ಆ ಆತ್ಮ ಅಪಾಯಕಾರಿ ಎಂದು ಹಳ್ಳಿಯ ಮುಖಂಡನೇ ಹೇಳಿರುತ್ತಾನೆ, ಅದನ್ನು ಕೊಲ್ಲಲೆಂದೇ ಗೆರಾಲ್ಟ್ ಅಲ್ಲಿಗೆ ಹೋಗಿರುತ್ತಾನೆ. ಮಕ್ಕಳ ಮೇಲಿನ ಕನಿಕರದಿಂದ ನಾವು ಆ ಎಚ್ಚರಿಕೆಯನ್ನು ಬದಿಗಿಡುತ್ತೇವೆ ಎಂಬುದೇ ಇಲ್ಲಿನ ಆಯ್ಕೆ.

ಫಲ ಮೊದಲೇ ಗೊತ್ತಿರುವ ಆಟಗಳನ್ನು ಒಮ್ಮೆ ನೆನೆಸಿಕೊಳ್ಳಿ. 2007ರ 'ಮಾಸ್ ಎಫೆಕ್ಟ್'ನಲ್ಲಿ ಪ್ಯಾರಗಾನ್ (ಸಜ್ಜನಿಕೆ) ಮತ್ತು ರೆನೆಗೇಡ್ (ಒರಟುತನ) ಎಂಬ ಎರಡು ಅಳತೆಪಟ್ಟಿಗಳಿವೆ. ಒಂದರಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಮಾತ್ರ ಕೆಲವು ಮಾತುಗಳು ತೆರೆಯುವುದರಿಂದ, ಬಹುಪಾಲು ಆಟಗಾರರು ಎದುರಿಗಿರುವ ಸಮಸ್ಯೆಯನ್ನು ತೂಗಿ ನೋಡುವ ಗೋಜಿಗೇ ಹೋಗದೆ ಒಂದೇ ಬಗೆಯ ಉತ್ತರವನ್ನು ಆರಿಸುತ್ತ ಹೋಗುತ್ತಾರೆ. ಅದಕ್ಕಿಂತ ಎಷ್ಟೋ ಹಿಂದೆ, 1985ರಲ್ಲಿ, ರಿಚರ್ಡ್ ಗ್ಯಾರಿಯಟ್ ರೂಪಿಸಿದ 'ಅಲ್ಟಿಮಾ 4' ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿತ್ತು. ಮಂತ್ರಕ್ಕೆ ಬೇಕಾದ ಸಾಮಗ್ರಿ ಮಾರುವ ಕುರುಡಿಗೆ ಎಷ್ಟು ನಾಣ್ಯ ಕೊಡಬೇಕೆಂಬುದನ್ನು ನೀವೇ ನಮೂದಿಸಬೇಕು; ಕಡಿಮೆ ಕೊಟ್ಟರೂ ಅವಳಿಗೆ ತಿಳಿಯದು, ಪರದೆಯ ಮೇಲೂ ಏನೂ ಕಾಣದು. ಆಟ ಮಾತ್ರ ನಿಮ್ಮ ಪ್ರಾಮಾಣಿಕತೆಯ ಲೆಕ್ಕವನ್ನು ಒಳಗೊಳಗೇ ಇಳಿಸುತ್ತದೆ. ಎಂಟು ಸದ್ಗುಣಗಳಲ್ಲಿ ಪೂರ್ಣತೆ ಪಡೆಯುವುದೇ ಗುರಿಯಾದ ಆ ಆಟದಲ್ಲಿ ಕೊನೆಗೆ ಕೊಲ್ಲಬೇಕಾದ ಖಳನಾಯಕನೇ ಇಲ್ಲ.

ಉತ್ತರ: ಸಂಶಯಜೀವಿ

ಹಳ್ಳಿಯ ಮಟ್ಟಿಗೆ ಹಳೇ ಕೀಬೋರ್ಡ್ ಅವರ ವಾದ ಸರಿ, ಆನಾಳ ಮಟ್ಟಿಗೆ ಅಲ್ಲ. ಆತ್ಮವನ್ನು ಬಿಟ್ಟರೆ ಅದು ಯಾರನ್ನಾದರೂ ಕೊಂದೀತು ಎಂದು ಊಹಿಸಬಹುದಿತ್ತು. ಮಕ್ಕಳು ಕಾಣೆಯಾದದ್ದಕ್ಕೆ ಶಿಕ್ಷೆ ಆನಾಳಿಗೆ ಬೀಳುತ್ತದೆಂದು ಊಹಿಸಲು ಆಟ ಕೊಡುವ ಸುಳಿವು ತೀರಾ ತೆಳುವು. ಆದ್ದರಿಂದ ಹೊಳೆದಂಡೆಯವರು ಡೌನ್‌ವಾರನ್ನಿನ ಹೊಣೆ ಹೊರಬೇಕು, ಬ್ಯಾರನ್ನನ ಸಾವಿನದ್ದನ್ನು ಹೊರಬೇಕಾಗಿಲ್ಲ.

ಅನಿರೀಕ್ಷಿತ ಫಲಕ್ಕಿಂತ ನನಗೆ ಹೆಚ್ಚು ಕಸಿವಿಸಿ ತರುವುದು ಆಟವೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರುವುದು. 2008ರ 'ಫಾಲ್ಔಟ್ 3'ರಲ್ಲಿ ಟೆನ್‌ಪೆನಿ ಟವರ್ ಎಂಬ ಸಿರಿವಂತರ ಕಟ್ಟಡಕ್ಕೆ, ವಿಕಿರಣದಿಂದ ವಿರೂಪಗೊಂಡ ಗೂಲ್‌ಗಳನ್ನು ಸಂಧಾನದ ಮೂಲಕ ಸೇರಿಸಬಹುದು. ಕೆಲ ದಿನ ಬಿಟ್ಟು ಹೋದರೆ ಅಲ್ಲಿನ ಮನುಷ್ಯರೆಲ್ಲ ಕೊಲೆಯಾಗಿರುತ್ತಾರೆ. ಕಥೆ ಇಷ್ಟು ಕಟುವಾಗಿರುವುದು ಒಳ್ಳೆಯದೇ. ಆದರೆ ಆ ಹತ್ಯಾಕಾಂಡದ ಬಳಿಕ ಗೂಲ್‌ಗಳ ಮುಖಂಡ ರಾಯ್ ಫಿಲಿಪ್ಸ್‌ನನ್ನು ಕೊಂದರೆ ನಿಮ್ಮ ಒಳ್ಳೆಯತನಕ್ಕೆ ಆಟ ಕೊಡುವ 'ಕರ್ಮ'ದ ಅಂಕವೇ ಇಳಿಯುತ್ತದೆ! ಕಥೆಗಾರರು ತೆರೆದಿಟ್ಟ ಪ್ರಶ್ನೆಯನ್ನು ಅಂಕ ಹಾಕುವ ಯಂತ್ರ ಮುಚ್ಚಿಬಿಟ್ಟಿತು. ವಿಚರ್ ಹಾಗೆ ಮಾಡುವುದಿಲ್ಲ, ಅದೇ ಅದರ ದೊಡ್ಡಸ್ತಿಕೆ.

ಉತ್ತರ: ಗುಬ್ಬಚ್ಚಿ

ಸೇವ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತಕ್ಷಣ ಹಿಂದೆ ಹೋಗಲು ಆಗಬಾರದೆಂದೇ ಈ ಸರಣಿ ಫಲವನ್ನು ತಡವಾಗಿ ತೋರಿಸುತ್ತದೆ. 2007ರ ಮೊದಲ ವಿಚರ್‌ನಲ್ಲಿ, ಹೊಳೆಯ ದಡದಲ್ಲಿ ಕಾವಲಿದ್ದ ಸರಕನ್ನು ಎಲ್ಫ್ ಬಂಡುಕೋರರು ಒಯ್ಯಲು ಬಿಟ್ಟರೆ, ಮುಂದಿನ ಅಧ್ಯಾಯದಲ್ಲಿ ತನಿಖೆಗೆ ಬೇಕಾಗಿದ್ದ ಒಬ್ಬ ವ್ಯಕ್ತಿ ಅವರ ಬಾಣಕ್ಕೆ ಬಲಿಯಾಗುತ್ತಾನೆ. ಅಷ್ಟರಲ್ಲಿ ಹಳೆಯ ಸೇವ್ ಗಂಟೆಗಟ್ಟಲೆ ಹಿಂದೆ ಉಳಿದಿರುತ್ತದೆ. 2015ರ 'ಅಂಡರ್‌ಟೇಲ್' ಇನ್ನೂ ನಿರ್ದಯಿ: ಆರಂಭದಲ್ಲಿ ನಿಮ್ಮನ್ನು ಕಾಪಾಡುವ ಟೋರಿಯಲ್‌ಳನ್ನು ಕೊಂದು, ಮನಸ್ಸು ತಡೆಯದೆ ಹಳೆಯ ಸೇವ್ ತೆರೆದು ಈ ಸಲ ಉಳಿಸಿದರೂ, ನೀವು ಏನು ಮಾಡಿದಿರೆಂದು ತನಗೆ ಗೊತ್ತಿದೆ ಎಂದು ಫ್ಲೋವಿ ಎಂಬ ಮಾತಾಡುವ ಹೂವು ಹಂಗಿಸುತ್ತದೆ.

ಹೊಳೆದಂಡೆಯವರೇ, ಹಿಂದೆ ಹೋಗುವುದು ಮೋಸವಲ್ಲ, ಆದರೆ ಈಗಲೇ ಹೋಗಬೇಡಿ. ಬ್ಯಾರನ್ನನ ಕೋಟೆಗೆ ಇನ್ನೊಮ್ಮೆ ಹೋಗಿ, ಅವನಿಲ್ಲದೆ ಅಲ್ಲಿನ ಸೈನಿಕರು ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿ. ಇನ್ನೊಂದು ದಾರಿಯನ್ನು ಎರಡನೆಯ ಸಲ ಮೊದಲಿನಿಂದ ಆಡುವಾಗ ಹಿಡಿಯಿರಿ. ಆಗ ನಿಮಗೆ ಫಲ ಗೊತ್ತಿರುತ್ತದೆ, ಮತ್ತು ಬ್ಯಾರನ್ನನನ್ನು ಉಳಿಸಲು ಆ ಮಕ್ಕಳನ್ನು ತಿಳಿದೂ ತಿಳಿದೂ ಬಿಟ್ಟುಕೊಡಬೇಕಾಗುತ್ತದೆ.