15 ಅಡಿ ಹಾಯಿದೋಣಿ, ಹಾರಂಗಿ: ಎಂಜಿನ್ ಕಿರುಚುತ್ತೆ, ದೋಣಿ ಮುಂದೆ ಹೋಗಲ್ಲ. 9.9 ಎಚ್‌ಪಿ ಹಾಕಬೇಕಾ?

ಸುಂಟಿಕೊಪ್ಪ ಹಾಯಿ:
ಎಲ್ಲರಿಗೂ ನಮಸ್ಕಾರ. ನನ್ನದು 15 ಅಡಿಯ ಫೈಬರ್ ಹಾಯಿದೋಣಿ. ಅನುಮತಿ ತಗೊಂಡು ಹಾರಂಗಿ ಹಿನ್ನೀರಿನಲ್ಲಿ ಇಳಿಸುತ್ತೇನೆ. ಗಾಳಿ ನಿಂತುಹೋದರೆ ದಡ ಸೇರಲು ಇರಲಿ ಅಂತ ಹಳೇ ಟೂ ಸ್ಟ್ರೋಕ್ 5 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂದೆ ಕಚ್ಚಿಸುವ ಮೋಟಾರ್) ತಂದೆ. ಕೈಲ್ ಮುಹೂರ್ತ ಹಬ್ಬ ಕಳೆದ ಮೇಲಿನ ಭಾನುವಾರ ಇದ್ದಕ್ಕಿದ್ದ ಹಾಗೆ ಗಾಳಿ ಜೋರಾಯಿತು. ಮಗ ಮೋಟಾರ್ ಹಿಡಿದಿದ್ದ. ಹಾಯಿ ಇಳಿಸಲು ನಾನು ಮುಂದೆ ಕಂಬದ ಹತ್ತಿರ ಹೋದೆ. ಅಷ್ಟೇ, ಎಂಜಿನ್ ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ದೋಣಿ ಮಾತ್ರ ನಿಂತಲ್ಲೇ ನಿಂತಿತು. ಗಾಳಿ ನಮ್ಮನ್ನು ಕಲ್ಲು ಇರುವ ದಡದ ಕಡೆ ತಳ್ಳುತ್ತಿತ್ತು. ಹಾಯಿ ಅರ್ಧಕ್ಕೇ ಬಿಟ್ಟು ಹಿಂದೆ ಬಂದು ಕೂತೆ, ಸರಿಹೋಯಿತು. ಮಗನ ಕೈ ಇನ್ನೂ ನಡುಗುತ್ತಿತ್ತು. ಅಂಗಡಿಯಲ್ಲಿ ಕೇಳಿದರೆ 9.9 ಎಚ್‌ಪಿ ಹಾಕಿ ಅಂದರು. ಹಾಕಲೇಬೇಕಾ?

ಗೋಣಿಕೊಪ್ಪ ಗಾಳ:
ಬ್ಯಾಟರಿ ಮೋಟಾರ್ ನೋಡಿ ಸರ್. ಸದ್ದಿಲ್ಲ, ಪೆಟ್ರೋಲ್ ವಾಸನೆ ಇಲ್ಲ.

ಕುಶಾಲನಗರ ಗ್ಯಾರೇಜ್:
ಅಣ್ಣಾ, 9.9 ತಗೋಬೇಡಿ. ನಿಮ್ಮ ತೊಂದರೆ ಎಚ್‌ಪಿಯದ್ದಲ್ಲ, ಶಾಫ್ಟ್ ಉದ್ದದ್ದು, ಅಂದರೆ ಮೋಟಾರಿನಿಂದ ಪ್ರೊಪೆಲ್ಲರ್‌ವರೆಗೆ ಇಳಿಯುವ ಕಾಲಿನ ಉದ್ದದ್ದು. ನೀವು ಮುಂದೆ ಹೋದಾಗ ದೋಣಿಯ ಹಿಂಭಾಗ ಎದ್ದಿದೆ. ಪ್ರೊಪೆಲ್ಲರ್ ನೀರು ಬಿಟ್ಟು ಗಾಳಿ ಎಳೆದುಕೊಂಡಿದೆ. 50 ಎಚ್‌ಪಿ ಹಾಕಿದರೂ ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರ್ ದೋಣಿ ತಳ್ಳಲ್ಲ.

ಮೊದಲು ಒಂದು ಟೇಪ್ ತಗೊಳ್ಳಿ. ದೋಣಿ ನೀರಿನಲ್ಲಿದ್ದು, ಇಬ್ಬರೂ ಒಳಗೆ ಕೂತಿರುವಾಗ, ಮೋಟಾರ್ ಕಚ್ಚಿಸುವ ಹಲಗೆಯ ಮೇಲಂಚಿನಿಂದ ನೀರಿನ ಮಟ್ಟಕ್ಕೆ ಎಷ್ಟು ಇಂಚು ಅಂತ ನೋಡಿ. ಆಮೇಲೆ ಮೋಟಾರ್ ಕ್ಲ್ಯಾಂಪಿನ ಒಳಗಿನ ಮೇಲ್ಭಾಗದಿಂದ, ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ಪ್ಲೇಟಿನವರೆಗೆ ಅಳೆಯಿರಿ. 15 ಇಂಚು ಬಂದರೆ ಶಾರ್ಟ್ ಶಾಫ್ಟ್, 20 ಬಂದರೆ ಲಾಂಗ್, 25 ಬಂದರೆ ಎಕ್ಸ್‌ಟ್ರಾ ಲಾಂಗ್. ಎರಡೂ ಅಳತೆ ಇಲ್ಲಿ ಹಾಕಿ.

ಸುಂಟಿಕೊಪ್ಪ ಹಾಯಿ:
ಅಳೆದೆ. ಹಲಗೆಯಿಂದ ನೀರಿಗೆ 13. ಮೋಟಾರ್ 15.

ಕುಶಾಲನಗರ ಗ್ಯಾರೇಜ್:
ನೋಡಿ, ಪ್ಲೇಟ್ ನೀರಿನ ಕೆಳಗೆ ಇರುವುದು ಬರೀ 2 ಇಂಚು. ನೀವು ಮುಂದೆ ಹೋದರೆ ಹಿಂಭಾಗ ಮೂರು ನಾಲ್ಕು ಇಂಚು ಏಳುತ್ತೆ. ಅಲೆ ಬೇರೆ. ಲಾಂಗ್ ಶಾಫ್ಟ್ ಹಾಕಿದರೆ 7 ಇಂಚು ಕೆಳಗಿರುತ್ತೆ.

ಎಚ್‌ಪಿ ಲೆಕ್ಕಕ್ಕೆ ಬರೋಣ. ನೀರಿಗೆ ತಾಗುವ ಉದ್ದ 14 ಅಡಿ ಅಂತ ಇಟ್ಟುಕೊಳ್ಳಿ. ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿ.ಮೀ. ನೀರನ್ನು ಸೀಳಿಕೊಂಡು ಹೋಗುವ ಇಂಥ ದೋಣಿಗೆ ಹೆಚ್ಚುಕಮ್ಮಿ ಅದೇ ಮಿತಿ. ಅದರ ಮೇಲೆ ಎಷ್ಟು ಎಚ್‌ಪಿ ಸುರಿದರೂ ಹಿಂಭಾಗ ಕುಸಿದು ಅಲೆ ದೊಡ್ಡದಾಗುತ್ತೆ, ಅಷ್ಟೇ. ಹಾರಂಗಿ ತುಂಬಿದರೆ ನೀರಿನ ಮಟ್ಟ ಸಮುದ್ರದಿಂದ 2,859 ಅಡಿ ಎತ್ತರ. ಸಾವಿರ ಅಡಿಗೆ ನೂರಕ್ಕೆ ಮೂರರಂತೆ ಶಕ್ತಿ ಕಮ್ಮಿ ಆಗುತ್ತೆ, ಅದನ್ನು ಕಳೆದರೂ 3.5 ಎಚ್‌ಪಿ ಸಾಕು. ತೂಕ 18 ಕೆಜಿ ಆಸುಪಾಸು. 9.9 ಆದರೆ 40ರ ಹತ್ತಿರ. ಅಷ್ಟು ಭಾರ ಹಿಂದೆ ತೂಗುಹಾಕಿದರೆ ಹಾಯಿ ಬಿಚ್ಚಿದಾಗ ದೋಣಿ ಓಡುವ ಚಂದವೇ ಹೋಗುತ್ತೆ. ಹಾಯಿದೋಣಿ ಇಟ್ಟುಕೊಂಡವರು ಅದನ್ನು ಕಳೆದುಕೊಳ್ಳಬಾರದು. ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) ಕಮ್ಮಿ ಇರುವ ಪ್ರೊಪೆಲ್ಲರ್ ಕೇಳಿ. ಅದು ಓಟಕ್ಕಲ್ಲ, ತಳ್ಳುವುದಕ್ಕೆ.

ಬ್ಯಾಟರಿ ಮೋಟಾರ್ ಕೆಟ್ಟದ್ದಲ್ಲ. ಆದರೆ 12 ವೋಲ್ಟಿನ, 55 ಪೌಂಡ್ ತಳ್ಳುವ ಬಲದ ಮೋಟಾರ್ ಪೂರ್ತಿ ತಿರುಗಿಸಿದರೆ ಸುಮಾರು 50 ಆಂಪ್ ಎಳೆಯುತ್ತೆ. 100 ಎಎಚ್ (ಆಂಪ್-ಅವರ್) ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸುವುದು ಒಳ್ಳೆಯದು. ಅಂದರೆ ಒಂದು ಗಂಟೆ. ನೀವು ಹೇಳಿದಂಥ ಗಾಳಿಗೆ ಎದುರಾಗಿ ಅದನ್ನು ನಂಬಿ ಹೋಗಿ ಅಂತ ನಾನು ಹೇಳಲ್ಲ.

ಲಾಂಗ್ ಶಾಫ್ಟಿನಲ್ಲಿ ಒಂದೇ ಜಾಗ್ರತೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲು, ಮರದ ಬುಡ ತಾಗಬಹುದು. ಶಿಯರ್ ಪಿನ್ (ಕಲ್ಲು ತಾಗಿದರೆ ತಾನು ಮುರಿದು ಮೋಟಾರ್ ಉಳಿಸುವ ಪಿನ್) ಇರುವ ಮೋಟಾರ್ ಆದರೆ ಎರಡು ಪಿನ್ ಜೇಬಿನಲ್ಲಿರಲಿ. ಹಾಯಿಯಲ್ಲಿ ಹೋಗುವಾಗ ಮೋಟಾರ್ ಮೇಲೆತ್ತಿ. ಮಗ ಮೋಟಾರ್ ಹಿಡಿದಾಗ ಎಳೆದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಗ್ಗ ಅವನ ಮಣಿಕಟ್ಟಿಗೆ, ಲೈಫ್ ಜಾಕೆಟ್ ಇಬ್ಬರಿಗೂ.

ಸುಂಟಿಕೊಪ್ಪ ಹಾಯಿ:
ಪರಿಚಯದವರ ಹತ್ತಿರ 3.5 ಎಚ್‌ಪಿ ಲಾಂಗ್ ಶಾಫ್ಟ್ ಇತ್ತು. ಈ ಭಾನುವಾರ ಕೇಳಿ ತಂದು ಹಾಕಿ ನೋಡಿದೆ. ಬೇಕು ಅಂತಲೇ ಮುಂದೆ ಹೋಗಿ ಕಂಬ ಹಿಡಿದು ನಿಂತೆ. ಎಂಜಿನ್ ಸದ್ದು ಸ್ವಲ್ಪವೂ ಏರಲಿಲ್ಲ, ದೋಣಿ ತಳ್ಳುತ್ತಲೇ ಇತ್ತು. ಮಗ ಹಿಂದಿನಿಂದ "ಅಪ್ಪ, ಹಾಯಿ ಇಳಿಸಿ ಆರಾಮಾಗಿ" ಅಂದ. ಅದನ್ನೇ ಕೊಳ್ಳುತ್ತೇನೆ. ಮಳೆಗಾಲಕ್ಕೆ ಎತ್ತಿಡುವಾಗ ಏನು ಮಾಡಲಿ?

ಕುಶಾಲನಗರ ಗ್ಯಾರೇಜ್:
ಬಹಳ ಖುಷಿಯಾಯಿತು ಅಣ್ಣಾ. ತೋಟದಲ್ಲಿ ಕಳೆ ಕತ್ತರಿಸುವ ಮೆಷಿನ್ ಎತ್ತಿಡುತ್ತೀರಲ್ಲ, ಹಾಗೇ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನಮ್ಮ ಮಳೆಗಾಲದ ತೇವ ಹೀರುತ್ತೆ. ಟ್ಯಾಂಕ್ ಖಾಲಿ ಮಾಡಿ. ಕಾರ್ಬ್ಯುರೇಟರ್ ಬುಡದ ಸ್ಕ್ರೂ ಬಿಚ್ಚಿ ಕೊನೇ ಹನಿಯವರೆಗೂ ಇಳಿಸಿ. ನಿಲ್ಲಿಸಿಯೇ ಇಡಿ, ಮಲಗಿಸಬೇಡಿ.